ಕಪ್ಪೆಯ ತೊಟ್ಟಿಗೆ ಕೊಕೊಪೀಟ್ ಇಟ್ಟಿಗೆ: ಎರಡು ವರ್ಷ ಬಳಸಿದ ಮೇಲೆ

ಗಿಡಕ್ಕೆ ಹಾಕುವ 650 ಗ್ರಾಮಿನ ಕೊಕೊಪೀಟ್ ಇಟ್ಟಿಗೆ, ಅಂದರೆ ತೆಂಗಿನ ಸಿಪ್ಪೆಯ ಹುಡಿಯನ್ನು ಒತ್ತಿ ಮಾಡಿದ ಇಟ್ಟಿಗೆ, ಎಲ್ಲರೂ ನೋಡಿರುತ್ತೀರಿ. ನಾನು ಎರಡು ವರ್ಷದಲ್ಲಿ ಅಂಥ ಮೂವತ್ತಕ್ಕೂ ಜಾಸ್ತಿ ಇಟ್ಟಿಗೆ ತಂದಿದ್ದೇನೆ. ಎಲ್ಲವೂ ಒಂದು ಕಪ್ಪೆಗಾಗಿ.

ಕಪ್ಪೆಯ ಹೆಸರು ಬೊಂಡ. ಹಸಿರು ಬಣ್ಣ, ಉರುಟು ಮೈ, ನನ್ನ ಅಂಗೈ ತುಂಬುವಷ್ಟು ದೊಡ್ಡದು. ದಕ್ಷಿಣ ಅಮೆರಿಕದ ಗ್ರಾನ್ ಚಾಕೊ ಕಡೆಯ ಪ್ಯಾಕ್‌ಮ್ಯಾನ್ ಜಾತಿ. ಮಳೆಗಾಲದಲ್ಲಿ ಗದ್ದೆಯಲ್ಲಿ ಹಳದಿಯಾಗಿ ಕೂಗುವ ನಮ್ಮ ಗೋಂಕರು ಕಪ್ಪೆಯನ್ನು ಹಿಡಿದು ತಂದು ಸಾಕುವ ಯೋಚನೆ ಯಾರಿಗೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ ರಕ್ಷಣೆ ಇದೆ. ಹಾಗೆಯೇ ಸಾಕಿದ ಹೊರದೇಶದ ಕಪ್ಪೆಯನ್ನು ಸಾಕಾಯಿತು ಅಂತ ತೋಟಕ್ಕೆ ಬಿಡಲೂಬಾರದು.

ಪ್ಯಾಕ್‌ಮ್ಯಾನ್ ಹತ್ತುವ ಕಪ್ಪೆ ಅಲ್ಲ, ಓಡಾಡುವ ಕಪ್ಪೆಯೂ ಅಲ್ಲ. ಕಣ್ಣು ಮಾತ್ರ ಹೊರಗೆ ಬಿಟ್ಟು ಮಣ್ಣಿನಲ್ಲಿ ಹುದುಗಿ ಕೂರುತ್ತದೆ. ಅದಕ್ಕೇ ತೊಟ್ಟಿಯ ಎತ್ತರಕ್ಕೆ ದುಡ್ಡು ಹಾಕಬೇಡಿ, ನೆಲಕ್ಕೆ ಹಾಕುವ ಹಾಸಿನ ಕಡೆ ಗಮನ ಕೊಡಿ. ನನ್ನದು ಎರಡಡಿ ಉದ್ದ, ಒಂದಡಿ ಅಗಲದ ಗಾಜಿನ ಮೀನು ತೊಟ್ಟಿ. ಮುಚ್ಚಳಕ್ಕೆ ಸೊಳ್ಳೆ ಬಲೆ ಹೊಡೆಸಿದ್ದೇನೆ. ಒಳಗೆ ಹತ್ತು ಸೆಂಟಿಮೀಟರ್ ದಪ್ಪಕ್ಕೆ ಕೊಕೊಪೀಟ್ ಹಾಕಲು ಎರಡು ಇಟ್ಟಿಗೆ ಬೇಕು. ಅಡಗಿ ಕೂರಲು ಒಡೆದ ಮಣ್ಣಿನ ಮಡಕೆಯ ಅರ್ಧ, ಮೇಲೆ ತೊಳೆದು ಒಣಗಿಸಿದ ನಾಲ್ಕು ಹಲಸಿನ ಎಲೆ. ಜಲ್ಲಿಕಲ್ಲು, ಹೊಯಿಗೆ ಬೇಡವೇ ಬೇಡ. ಈ ಕಪ್ಪೆ ಬಾಯಿ ಹಾಕಿದರೆ ಹುಳದ ಜೊತೆ ನೆಲವನ್ನೂ ನುಂಗುತ್ತದೆ, ಕಲ್ಲು ಕರುಳಲ್ಲಿ ಕಟ್ಟಿಕೊಳ್ಳುತ್ತದೆ.

ಮೊದಲ ವರ್ಷ ಈ ಇಟ್ಟಿಗೆ ಮೇಲೆ ನನಗೆ ನಿಜಕ್ಕೂ ಪ್ರೀತಿ ಇತ್ತು. ಐದಾರು ವಾರಕ್ಕೊಮ್ಮೆ ಹಾಸು ಬದಲಿಸುವ ಭಾನುವಾರ ಬಂದರೆ ಖುಷಿ. ಬಕೆಟಿನಲ್ಲಿ ಇಟ್ಟಿಗೆ ಇಟ್ಟು ನೀರು ಹೊಯ್ದರೆ ಅದು ಸಣ್ಣಗೆ ಸದ್ದು ಮಾಡುತ್ತಾ ಬಿರಿಯುತ್ತದೆ. ಹೊಸದಾಗಿ ಸುಲಿದ ತೆಂಗಿನ ಸಿಪ್ಪೆಯ ವಾಸನೆ ಅಂಗಳಕ್ಕೆಲ್ಲ ಬರುತ್ತದೆ. ಅರ್ಧ ಗಂಟೆಗೆ ಎಂಟು ಲೀಟರಿನಷ್ಟು ಹುಡಿ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಬೇಕು. ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಆ ಹದ ಬಂದ ಮೇಲೆ ತೊಟ್ಟಿಗೆ ಹಾಕಿ ಬೊಂಡನನ್ನು ಬಿಟ್ಟರೆ, ಹಿಂಗಾಲಿನಿಂದ ಅಗೆಯುತ್ತಾ, ಗಿರಕಿ ಹೊಡೆಯುತ್ತಾ ಐದು ನಿಮಿಷದಲ್ಲಿ ಇಳಿದು ಕೂರುತ್ತಿತ್ತು. ಅದನ್ನು ನೋಡಲಿಕ್ಕೇ ನಾನು ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದೆ.

ಕಳೆದ ಮಾರ್ಚಿನಲ್ಲಿ ಬೇರೆ ಅಂಗಡಿಯಿಂದ ಇಪ್ಪತ್ತು ರೂಪಾಯಿ ಕಡಿಮೆಯ ಇಟ್ಟಿಗೆ ತಂದೆ. ಆ ರಾತ್ರಿ ಬೊಂಡ ಹುದುಗಲಿಲ್ಲ. ಗಾಜಿಗೆ ಮುಖ ಒತ್ತಿ ಆ ಮೂಲೆಯಿಂದ ಈ ಮೂಲೆಗೆ ಹೋಗುತ್ತಲೇ ಇತ್ತು. ಮರುದಿನ ಇಡೀ ನೀರಿನ ತಟ್ಟೆಯಲ್ಲೇ ಕೂತಿತ್ತು. ಎತ್ತಿ ನೋಡಿದರೆ ಹೊಟ್ಟೆ, ತೊಡೆಯ ಒಳಭಾಗ ಕೆಂಪು. ನನಗೆ ಕೈಕಾಲು ಬಿದ್ದುಹೋಯಿತು. ಪಶುವೈದ್ಯರಿಗೆ ಫೋನ್ ಮಾಡಿದೆ. ಮೊದಲು ಆ ಹಾಸಿನಿಂದ ತೆಗೆಯಿರಿ, ಕೆಂಪು ಇಳಿಯದಿದ್ದರೆ ಸೋಂಕು ಇರಬಹುದು, ಕೂಡಲೇ ತನ್ನಿ ಅಂದರು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಪೇಪರ್ ಹಾಸಿ ಇಟ್ಟೆ, ದಿನಕ್ಕೆ ಎರಡು ಸಲ ಬದಲಿಸಿದೆ. ಮೂರನೇ ದಿನ ಕೆಂಪು ಇಳಿಯಿತು, ನಾಲ್ಕನೇ ದಿನ ಎರೆಹುಳ ತಿಂದಿತು.

ಆಮೇಲೆ ಕುಡಿಯುವ ನೀರು ಪರೀಕ್ಷಿಸುವ, ನೀರಲ್ಲಿ ಕರಗಿದ ಉಪ್ಪು-ಖನಿಜ ಎಷ್ಟಿದೆ ಅಂತ ತೋರಿಸುವ ಟಿಡಿಎಸ್ ಪೆನ್ನು ತಂದು ಆ ಹುಡಿ ಹಿಂಡಿದ ನೀರಿಗೆ ಅದ್ದಿದೆ. 1,400 ಪಿಪಿಎಂ ತೋರಿಸಿತು, ಅಂದರೆ ಲೀಟರಿಗೆ ಸುಮಾರು 1,400 ಮಿಲಿಗ್ರಾಂ. ನಮ್ಮ ಬಾವಿ ನೀರು ಮಳೆಗಾಲದಲ್ಲಿ 70 ದಾಟುವುದಿಲ್ಲ!

ಇದೆಲ್ಲ ಉಪ್ಪು. ತೆಂಗಿನ ಸಿಪ್ಪೆಯಲ್ಲೇ ಪೊಟ್ಯಾಸಿಯಂ, ಕ್ಲೋರೈಡ್ ಇರುತ್ತದೆ. ನಾರು ಬಿಡಿಸಲು ಸಿಪ್ಪೆಯನ್ನು ಹಿನ್ನೀರಿನ ಸವಳು ನೀರಲ್ಲಿ ತಿಂಗಳುಗಟ್ಟಲೆ ನೆನೆಹಾಕುವ ಪದ್ಧತಿಯೂ ಇದೆ, ಆ ಉಪ್ಪೂ ಸೇರುತ್ತದೆ. ಚೆನ್ನಾಗಿ ತೊಳೆದು ಒತ್ತಿದ ಇಟ್ಟಿಗೆಯೂ ಸಿಗುತ್ತದೆ, ತೊಳೆಯದ್ದೂ ಸಿಗುತ್ತದೆ. ಕಣ್ಣಿಗೆ ಎರಡೂ ಒಂದೇ. ಕಪ್ಪೆ ನಮ್ಮ ಹಾಗೆ ಬಾಯಲ್ಲಿ ನೀರು ಕುಡಿಯುವುದಿಲ್ಲ, ಹೊಟ್ಟೆಯ ಕೆಳಗಿನ ಚರ್ಮದಿಂದ ಎಳೆದುಕೊಳ್ಳುತ್ತದೆ. ಹಾಸಿನಲ್ಲಿ ಉಪ್ಪು ಜಾಸ್ತಿ ಆದಷ್ಟೂ ನೀರು ಒಳಗೆ ಹೋಗುವುದು ಕಷ್ಟ, ತೀರಾ ಜಾಸ್ತಿ ಆದರೆ ಮೈಯಿಂದ ಹೊರಗೇ ಬರುತ್ತದೆ. ಹಗಲೂ ರಾತ್ರಿ ಅದರಲ್ಲೇ ಹುದುಗಿ ಕೂರುವ ಜೀವಕ್ಕೆ ಎಷ್ಟು ಉರಿ ಆಗಿರಬೇಡ ಅಲ್ವಾ? ಪೊಟ್ಟಣದ ಮೇಲೆ ‘ನೂರಕ್ಕೆ ನೂರು ನೈಸರ್ಗಿಕ’ ಅಂತ ದಪ್ಪ ಅಕ್ಷರದಲ್ಲಿದೆ. ತೊಳೆದಿದ್ದಾರೋ ಇಲ್ಲವೋ ಅಂತ ಒಂದು ಸಾಲು ಇಲ್ಲ. ಈ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಸರಿ, ತೊಳೆಯೋಣ ಅಂದರೆ ನಮ್ಮ ಮನೆ ಉಡುಪಿ ಹತ್ತಿರದ ಉದ್ಯಾವರದಲ್ಲಿ, ಕಡಲ ನೀರು ಏರಿ ಬರುವ ಹೊಳೆಯ ಹತ್ತಿರ. ಏಪ್ರಿಲ್ ಬಂದರೆ ಬಾವಿ ನೀರೇ ಉಪ್ಪು. ನಳ್ಳಿ ನೀರಲ್ಲಿ ಕ್ಲೋರಿನ್. ಅಲೆವೂರಿನ ಚಿಕ್ಕಮ್ಮನ ಮನೆಯಿಂದ ಸ್ಕೂಟರಿನಲ್ಲಿ ಎರಡು ಕ್ಯಾನ್ ನೀರು ತಂದೆ. ಹುಡಿಯನ್ನು ಹಳೇ ಬೈರಾಸಿನಲ್ಲಿ ಕಟ್ಟಿ, ಅದ್ದಿ, ಹಿಂಡಿ, ಮತ್ತೆ ಅದ್ದಿ. ಐದನೇ ಸಲಕ್ಕೆ 200ಕ್ಕೆ ಇಳಿಯಿತು. “ಎಂತ ಮಗಾ, ಮಗುವಿನ ಬಟ್ಟೆಯನ್ನೂ ಯಾರೂ ಇಷ್ಟು ಸಲ ಒಗೆಯುವುದಿಲ್ಲ” ಅಂತ ಅಮ್ಮ ಹೇಳಿದರು, ಹೇಳಿ ತಾವೂ ಒಂದು ತುದಿ ಹಿಡಿದು ಹಿಂಡಿದರು.

ಬೇಸಿಗೆಯ ಇನ್ನೆರಡು ವಿಷಯ ಹೇಳಿಬಿಡುತ್ತೇನೆ. ಹೊರದೇಶದವರು ತೊಟ್ಟಿಯ ಅಡಿಗೆ ಬಿಸಿ ಮಾಡುವ ಮ್ಯಾಟ್ ಹಾಕಿ ಅನ್ನುತ್ತಾರೆ. ಕರಾವಳಿಯಲ್ಲಿ ಅದು ಸುಮ್ನೆ ಖರ್ಚು. ಈ ಕಪ್ಪೆಗೆ 24ರಿಂದ 28 ಡಿಗ್ರಿ ಹಿತ, ನಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನ 33 ದಾಟುತ್ತದೆ. ನಾನು ತೊಟ್ಟಿಯನ್ನು ಚಾವಡಿಯ ತಂಪು ಮೂಲೆಗೆ ಸರಿಸಿ, ಗಾಜಿನ ಹೊರಗೆ ಬಟ್ಟೆ ಸುತ್ತಿದ ಐಸ್ ಬಾಟಲಿ ಒರಗಿಸಿಡುತ್ತೇನೆ. ಎರಡನೆಯದು ಇರುವೆ. ಹಿಂದೆ ತಿಂಡಿ ಕಪಾಟಿನ ಕಾಲಿಗೆ ನೀರಿನ ಬಟ್ಟಲು ಇಡುತ್ತಿದ್ದರಲ್ಲ, ತೊಟ್ಟಿ ಇಟ್ಟ ಮೇಜಿನ ನಾಲ್ಕು ಕಾಲಿಗೂ ಹಾಗೇ ಮಾಡಿದ್ದೇನೆ. ಇಷ್ಟರ ತನಕ ಒಂದು ಇರುವೆಯೂ ದಾಟಿಲ್ಲ.

ಜೂನಿನಲ್ಲಿ ಮಳೆ ಹಿಡಿಯಿತು. ಬಚ್ಚಲಿನ ಹಿಂದೆ ಒಲೆಗೆಂದು ಪೇರಿಸಿಟ್ಟ ಸಿಪ್ಪೆಯಲ್ಲಿ ಹೊರಗೆ ಬಿದ್ದದ್ದು ನೆನೆದು ನೆನೆದು ಕಪ್ಪಾಗಿತ್ತು. ಏನೋ ಅನ್ನಿಸಿ ಅದರ ನೀರು ಹಿಂಡಿ ಪೆನ್ನು ಅದ್ದಿದೆ. 60! ಕೂಡಲೇ ಹೊಸ ಎರಡು ಇಟ್ಟಿಗೆ ಬಿರಿಯಿಸಿ, ಬೈರಾಸಿನಲ್ಲಿ ಸಡಿಲವಾಗಿ ಕಟ್ಟಿ, ಮಾಡಿನ ಹಂಚಿನಿಂದ ನೀರು ಸುರಿಯುವ ಕಡೆ ತೂಗುಹಾಕಿದೆ. ಒಂದು ವಾರ ಹಗಲೂ ರಾತ್ರಿ ಮಳೆ ನೀರು ಅದರ ಮೂಲಕ ಇಳಿಯಿತು. ಎಂಟನೇ ದಿನ ನೋಡಿದರೆ 80. ನಾನು ಒಂದು ಕೊಡ ನೀರೂ ಹೊತ್ತಿರಲಿಲ್ಲ.

ಆ ಹಾಸಿನಲ್ಲಿ ಬೊಂಡ ಹುದುಗಲು ಎರಡು ನಿಮಿಷವೂ ತೆಗೆದುಕೊಳ್ಳಲಿಲ್ಲ.

ಹಾಗಾಗಿ ಇಟ್ಟಿಗೆಗೆ ಐದರಲ್ಲಿ ಮೂರು ಅಂಕ. ವಸ್ತು ಒಳ್ಳೆಯದು, ನನ್ನ ಬಜೆಟ್ಟಿಗೆ ಇದಕ್ಕಿಂತ ಹಿತವಾದದ್ದು ಸಿಕ್ಕಿಲ್ಲ. ಇದೇ ಕೆಲಸಕ್ಕೆ ಬಳಸುವ, ನೀರು ಹಿಡಿದಿಡುವ ಸ್ಫ್ಯಾಗ್ನಮ್ ಪಾಚಿ ಕೈಗೆಟುಕುವುದಿಲ್ಲ. ಆದರೆ ಪೊಟ್ಟಣ ಒಡೆದು ನೇರವಾಗಿ ತೊಟ್ಟಿಗೆ ಹಾಕಬೇಡಿ, ಗೊಬ್ಬರ ಬೆರೆಸಿದ್ದನ್ನಂತೂ ತರಲೇಬೇಡಿ. ಇನ್ನೂರೈವತ್ತು ರೂಪಾಯಿಯ ಟಿಡಿಎಸ್ ಪೆನ್ನು ಮೊದಲು ತನ್ನಿ, ಇಟ್ಟಿಗೆ ಆಮೇಲೆ.

ಈಗ ಆಗಸ್ಟ್. ಮಾಡಿನ ಅಂಚಿನಲ್ಲಿ ಮೂರು ಗಂಟು ತೂಗುತ್ತಿವೆ. ಚೌತಿ ಕಳೆದು ಬಿಸಿಲು ಬಂದ ಮೇಲೆ ಒಣಗಿಸಿ, ಗೋಣಿಯಲ್ಲಿ ತುಂಬಿ, ಮುಂದಿನ ಏಪ್ರಿಲಿಗೆ ಅಂತ ಅಟ್ಟಕ್ಕೆ ಹಾಕುತ್ತೇನೆ.