ಹದಿನೈದು ವರ್ಷ ತುಂಬಿದ ಪಿಪಿಎಫ್ ಖಾತೆ: ಬೇಗ ನಿವೃತ್ತಿ ಬಯಸುವವರಿಗೆ ಇದು ಎಷ್ಟು ನೆರವಾದೀತು?

2009ರ ಫೆಬ್ರುವರಿ 18ರಂದು ನಾನು ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಖಾತೆ ತೆರೆದು ಮೊದಲ ಕಂತಾಗಿ ₹5,000 ಕಟ್ಟಿದೆ. ಮಾರ್ಚ್ ಕೊನೆಗೆ ಪಾಸ್‌ಬುಕ್ಕಿನಲ್ಲಿ ಬಡ್ಡಿಯೆಂದು ಮುದ್ರಣವಾಗಿದ್ದು ಕೇವಲ ₹33. ಆಗಿನ ಬಡ್ಡಿ ದರ ಶೇ. 8 ಇತ್ತು, ನಲವತ್ತೊಂದು ದಿನಕ್ಕೆ ನಲವತ್ತೈದು ರೂಪಾಯಿಯಾದರೂ ಬರಬೇಕಿತ್ತಲ್ಲವೇ ಎಂದು ಕೌಂಟರಿನಲ್ಲಿ ಕೇಳಿದಾಗ, ಅಲ್ಲಿದ್ದ ಹಿರಿಯ ಗುಮಾಸ್ತರು ಪಾಸ್‌ಬುಕ್ಕನ್ನು ತಮ್ಮ ಕಡೆ ತಿರುಗಿಸಿಕೊಂಡು, ದಿನಾಂಕದ ಮೇಲೆ ಪೆನ್ಸಿಲಿನಿಂದ ಒಂದು ಸಣ್ಣ ಸುತ್ತು ಹಾಕಿ, "ಐದನೇ ತಾರೀಖು ದಾಟಿದ ಮೇಲೆ ಕಟ್ಟಿದ್ದೀರಿ, ಆ ತಿಂಗಳು ಲೆಕ್ಕಕ್ಕಿಲ್ಲ" ಎಂದರು. ತಿಂಗಳ 5ನೇ ತಾರೀಖಿನ ಮುಕ್ತಾಯದಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತಕ್ಕೆ ಮಾತ್ರ ಆ ತಿಂಗಳ ಬಡ್ಡಿ ಎಂಬ ಈ ನಿಯಮವನ್ನು ಅಂದು ಕಲಿತವನು, ಮುಂದಿನ ಹದಿನೈದು ವರ್ಷಗಳಲ್ಲಿ ಅದನ್ನು ಮರೆತಿಲ್ಲ.

ಈಗ ಆ ಖಾತೆ ಒಂದು ಸುತ್ತು ಪೂರ್ತಿ ಮುಗಿಸಿ ಎರಡನೆಯ ಹಂತದಲ್ಲಿದೆ. ಹೊಸದಾಗಿ ಕೆಲಸಕ್ಕೆ ಸೇರಿರುವ ನನ್ನ ತಂಗಿಯ ಮಗ ಮೊನ್ನೆ ಮನೆಗೆ ಬಂದಾಗ, "ಮಾವ, ನಲವತ್ತೈದಕ್ಕೆಲ್ಲ ಕೆಲಸ ಬಿಡಬೇಕು ಅಂದರೆ ಎಲ್ಲಿಂದ ಶುರು ಮಾಡಬೇಕು?" ಎಂದು ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ, ಒಂದು ಉಳಿತಾಯ ಯೋಜನೆಯ ವಿಮರ್ಶೆಯಾಗಿ ಬರೆಯುತ್ತಿದ್ದೇನೆ.

ಸಾರ್ವಜನಿಕ ಭವಿಷ್ಯ ನಿಧಿ 1968ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಯೋಜನೆ. ಈಗ ಜಾರಿಯಲ್ಲಿರುವುದು 2019ರ ನಿಯಮಾವಳಿ. ಅಂಚೆ ಕಚೇರಿಯಲ್ಲಿಯೂ ಹಲವು ಬ್ಯಾಂಕುಗಳಲ್ಲಿಯೂ ಖಾತೆ ತೆರೆಯಬಹುದು. ವರ್ಷಕ್ಕೆ ಕನಿಷ್ಠ ₹500, ಗರಿಷ್ಠ ₹1.5 ಲಕ್ಷ ಕಟ್ಟಬಹುದು. ಇದರ ಅವಧಿ 15 ವರ್ಷ ಎಂಬುದು ಎಲ್ಲರಿಗೂ ಗೊತ್ತು. ಆದರೆ ಆ ಹದಿನೈದು ವರ್ಷದ ಎಣಿಕೆ ಖಾತೆ ತೆರೆದ ಆರ್ಥಿಕ ವರ್ಷದ ಕೊನೆಯಿಂದ ಆರಂಭವಾಗುತ್ತದೆ ಎಂಬುದನ್ನು ಗಮನಿಸುವವರು ಕಡಿಮೆ. ನಾನು ಫೆಬ್ರುವರಿಯಲ್ಲಿ ತೆರೆದದ್ದರಿಂದ 2009ರ ಮಾರ್ಚ್ 31ರಿಂದ ಲೆಕ್ಕ ಹಿಡಿದು, 2024ರ ಏಪ್ರಿಲ್ 1ಕ್ಕೆ ಖಾತೆ ಪಕ್ವವಾಯಿತು. ಎರಡು ತಿಂಗಳು ತಡಮಾಡಿ ಏಪ್ರಿಲ್‌ನಲ್ಲಿ ತೆರೆದಿದ್ದರೆ ಇನ್ನೂ ಒಂದು ವರ್ಷ ಕಾಯಬೇಕಿತ್ತು. ಆದ್ದರಿಂದ ಖಾತೆ ತೆರೆಯುವ ಮನಸ್ಸಿದ್ದರೆ ಕೈಯಲ್ಲಿ ಐನೂರೇ ಇದ್ದರೂ ಮಾರ್ಚ್ ಮುಗಿಯುವ ಮೊದಲು ತೆರೆದುಬಿಡುವುದು ಲೇಸು.

ಬೇಗ ನಿವೃತ್ತಿ ಬಯಸುವವರಿಗೆ ಈ ಯೋಜನೆಯ ಅತಿ ದೊಡ್ಡ ಗುಣ ಯಾವುದೆಂದು ಕೇಳಿದರೆ, ಬಡ್ಡಿಯೂ ಅಲ್ಲ, ತೆರಿಗೆ ವಿನಾಯಿತಿಯೂ ಅಲ್ಲ ಎಂದು ನಾನು ಹೇಳುತ್ತೇನೆ. ಇದು ಖಾತೆಯ ವಯಸ್ಸನ್ನು ನೋಡುತ್ತದೆ, ಖಾತೆದಾರನ ವಯಸ್ಸನ್ನು ನೋಡುವುದಿಲ್ಲ. ನಿವೃತ್ತಿಗೆಂದೇ ನಮ್ಮ ದೇಶದಲ್ಲಿರುವ ಬಹುತೇಕ ಯೋಜನೆಗಳು ಅರವತ್ತರ ಗೆರೆಗೆ ಕಟ್ಟುಬಿದ್ದಿವೆ: ಅಟಲ್ ಪಿಂಚಣಿ ಶುರುವಾಗುವುದು 60ಕ್ಕೆ, ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಸಾಮಾನ್ಯವಾಗಿ 60 ಆಗಿರಬೇಕು, ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯಾದ ಎನ್‌ಪಿಎಸ್‌ನ ಒಟ್ಟು ರಚನೆಯೇ ಆ ವಯಸ್ಸನ್ನು ಮುಂದಿಟ್ಟುಕೊಂಡು ರೂಪಿಸಿದ್ದು. ಇಪ್ಪತ್ತೈದನೇ ವಯಸ್ಸಿನಲ್ಲಿ ಪಿಪಿಎಫ್ ಖಾತೆ ತೆರೆದವರಿಗೆ ಮಾತ್ರ ನಲವತ್ತು ನಲವತ್ತೊಂದಕ್ಕೆ ಪೂರ್ತಿ ಹಣ ಯಾರ ಅಪ್ಪಣೆಯೂ ಇಲ್ಲದೆ ಕೈಗೆ ಸಿಗುತ್ತದೆ. ನಡುವೆ ತೀರ ತುರ್ತು ಬಿದ್ದರೆ ಮೂರನೆಯ ವರ್ಷದಿಂದ ಆರನೆಯ ವರ್ಷದವರೆಗೆ ಸಣ್ಣ ಸಾಲ, ಏಳನೆಯ ಆರ್ಥಿಕ ವರ್ಷದಿಂದ ಭಾಗಶಃ ಹಿಂಪಡೆತ ಸಾಧ್ಯ. ನಾನು ಎರಡನ್ನೂ ಬಳಸಲಿಲ್ಲವಾದ್ದರಿಂದ ಅವುಗಳ ಬಗ್ಗೆ ಹೆಚ್ಚು ಹೇಳಲಾರೆ.

ಬೆಳವಣಿಗೆಯ ಲೆಕ್ಕಕ್ಕೆ ಬರೋಣ. 2020ರ ಏಪ್ರಿಲ್‌ನಿಂದ ನಾನಿದನ್ನು ಬರೆಯುವವರೆಗೆ ಬಡ್ಡಿ ದರ ಶೇ. 7.1ರಲ್ಲೇ ನಿಂತಿದೆ. ಇದೇ ದರ ಉಳಿಯುತ್ತದೆಂದು ಇಟ್ಟುಕೊಂಡು, ಪ್ರತಿ ವರ್ಷ ಏಪ್ರಿಲ್ 5ರೊಳಗೆ ₹1.5 ಲಕ್ಷ ಕಟ್ಟಿದರೆ, 15 ವರ್ಷಕ್ಕೆ ಕಟ್ಟಿದ ₹22.5 ಲಕ್ಷವು ಸುಮಾರು ₹40.68 ಲಕ್ಷವಾಗುತ್ತದೆ. ಹನ್ನೊಂದನೆಯ ವರ್ಷದಲ್ಲಿ ಬಡ್ಡಿಯೇ ₹1.69 ಲಕ್ಷದಷ್ಟಾಗಿ, ನಾವು ಕಟ್ಟುವ ಮೊತ್ತವನ್ನು ಮೀರುತ್ತದೆ. ಅಲ್ಲಿಯವರೆಗೆ ನಾವು ಖಾತೆಯನ್ನು ಬೆಳೆಸುತ್ತೇವೆ, ಅಲ್ಲಿಂದಾಚೆಗೆ ಖಾತೆಯೇ ಬೆಳೆಯುತ್ತದೆ. ಅದೇ ಕ್ರಮದಲ್ಲಿ 25 ವರ್ಷ ಮುಂದುವರಿದರೆ ಮೊತ್ತ ₹1.03 ಕೋಟಿಯಷ್ಟಾಗುತ್ತದೆ. ಏಪ್ರಿಲ್ 5ರ ಬದಲು 6ರಂದು ಕಟ್ಟಿದರೆ ಆ ಒಂದು ದಿನಕ್ಕೆ ಕಳೆದುಕೊಳ್ಳುವುದು ₹887.50. ವರ್ಷಕ್ಕೊಮ್ಮೆ ಕಟ್ಟುವ ಶಕ್ತಿ ಇಲ್ಲದೆ ತಿಂಗಳಿಗೆ ₹12,500ರಂತೆ 5ರೊಳಗೆ ಕಟ್ಟುವವರಿಗೆ ಆ ವರ್ಷದ ಕಂತುಗಳ ಮೇಲಿನ ಬಡ್ಡಿ ₹10,650ರ ಬದಲು ₹5,769ರಷ್ಟು ಬರುತ್ತದೆ. ಅದಕ್ಕಾಗಿ ಯಾರೂ ಬೇಸರಪಡಬೇಕಿಲ್ಲ. ಸಂಬಳದವರಲ್ಲಿ ಹೆಚ್ಚಿನವರಿಗೆ ತಿಂಗಳ ಕಂತೇ ನಡೆಯುವ ದಾರಿ, ಮತ್ತು ನಾನು ಮೊದಲ ಒಂಬತ್ತು ವರ್ಷ ನಡೆದದ್ದೂ ಅದೇ ದಾರಿಯಲ್ಲಿ.

ಇಷ್ಟರವರೆಗೆ ಹೇಳಿದ್ದು ಓದಲು ಹಿತವಾಗಿದೆ. ಆದರೆ ನನ್ನ ಅಳಿಯನ ಮುಂದೆ ಕಾಗದ ಇಟ್ಟು ನಾನು ಮಾಡಿ ತೋರಿಸಿದ ಇನ್ನೊಂದು ಲೆಕ್ಕವಿದೆ. ಇಂದು ಒಂದು ಮನೆಯ ಖರ್ಚು ತಿಂಗಳಿಗೆ ₹40,000 ಎಂದಿಟ್ಟುಕೊಳ್ಳಿ. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ ಹದಿನೈದು ವರ್ಷದ ನಂತರ ಅದೇ ಜೀವನಕ್ಕೆ ತಿಂಗಳಿಗೆ ₹95,800ಕ್ಕಿಂತ ಹೆಚ್ಚು, ಅಂದರೆ ವರ್ಷಕ್ಕೆ ಸುಮಾರು ₹11.5 ಲಕ್ಷ ಬೇಕು. ಗರಿಷ್ಠ ಮಿತಿಯವರೆಗೆ ಕಟ್ಟಿ ಬೆಳೆಸಿದ ₹40.68 ಲಕ್ಷ ಮೂರೂವರೆ ವರ್ಷದ ಖರ್ಚಿಗಷ್ಟೇ ಸಾಲುತ್ತದೆ. ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಖಾತೆ ಇಟ್ಟು ಪೂರ್ತಿ ಕಟ್ಟಿದರೂ ಏಳು ವರ್ಷ. ಕೆಲಸ ಬಿಟ್ಟು ಇನ್ನೂ ನಲವತ್ತು ವರ್ಷ ಬದುಕಬೇಕಾದವರಿಗೆ ಇದೊಂದೇ ಆಸರೆಯಾಗದು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಅಮೆರಿಕದಲ್ಲಿ 1994ರಲ್ಲಿ ವಿಲಿಯಂ ಬೆಂಗೆನ್ ಎಂಬ ಹಣಕಾಸು ಸಲಹೆಗಾರರ ಲೆಕ್ಕಾಚಾರದಿಂದ ಹರಡಿದ, ವರ್ಷದ ಖರ್ಚಿನ 25 ಪಟ್ಟು ಕೂಡಿಟ್ಟರೆ ಸಾಕೆಂಬ ಸೂತ್ರವನ್ನು ನಮ್ಮಲ್ಲೂ ಬಹಳ ಜನ ಬಳಸುತ್ತಾರೆ. ಅದು ಅಲ್ಲಿನ ಮಾರುಕಟ್ಟೆಯ ಅಂಕಿಗಳನ್ನು ಹಿಡಿದು 30 ವರ್ಷದ ನಿವೃತ್ತಿಗೆ ಮಾಡಿದ ಲೆಕ್ಕ. ನಲವತ್ತೈದಕ್ಕೆ ಕೆಲಸ ಬಿಡುವವರು ಕನಿಷ್ಠ 33 ಪಟ್ಟು ಇಟ್ಟುಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಹಾಗಾದರೆ ಪಿಪಿಎಫ್ ಏಕೆ ಬೇಕು? ಉತ್ತರ ಆ ಮೂರೂವರೆ ವರ್ಷದಲ್ಲಿಯೇ ಇದೆ. ದೊಡ್ಡ ಮೊತ್ತ ಬೆಳೆಯಬೇಕಾದರೆ ಷೇರುಪೇಟೆಯ ಸಹಾಯ ಬೇಕು; ಹೊಸಬರಿಗೆ ಅದಕ್ಕೆ ಸರಳ ದಾರಿ ದೇಶದ ಐವತ್ತು ದೊಡ್ಡ ಕಂಪನಿಗಳ ನಿಫ್ಟಿ 50 ಸೂಚ್ಯಂಕವನ್ನು ಅನುಸರಿಸುವ ಇಂಡೆಕ್ಸ್ ಫಂಡ್‌ನಲ್ಲಿ, ಮಧ್ಯವರ್ತಿಯ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲ್ಯಾನ್ ಆರಿಸಿಕೊಂಡು ತಿಂಗಳ ಎಸ್‌ಐಪಿ, ಅಂದರೆ ಪ್ರತಿ ತಿಂಗಳೂ ಒಂದು ನಿಗದಿತ ಮೊತ್ತದ ಹೂಡಿಕೆ, ಮಾಡುವುದು. ಆದರೆ ಷೇರುಪೇಟೆ ಕೆಲಸ ಬಿಟ್ಟವರ ಅನುಕೂಲ ನೋಡಿ ಏರುವುದಿಲ್ಲ. 2008ರ ಜನವರಿಯಲ್ಲಿ 21,000ದ ಆಸುಪಾಸಿನಲ್ಲಿದ್ದ ಸೆನ್ಸೆಕ್ಸ್ ಅದೇ ವರ್ಷದ ಅಕ್ಟೋಬರ್‌ನಲ್ಲಿ 9,000ದ ಕೆಳಕ್ಕೆ ಕುಸಿಯಿತು; ಮತ್ತೆ 21,000 ಮುಟ್ಟಿದ್ದು 2010ರ ನವೆಂಬರ್‌ನ ದೀಪಾವಳಿಯ ಹೊತ್ತಿಗೆ. ನಡುವಿನ ಸುಮಾರು ಮೂರು ವರ್ಷ ಮನೆಯ ಖರ್ಚಿಗಾಗಿ ಫಂಡ್ ಮಾರಿದವರು ಇಳಿದ ಬೆಲೆಗೆ ಮಾರಿದರು. ಅಂಥ ವರ್ಷಗಳಲ್ಲಿ ಫಂಡ್ ಮುಟ್ಟದೆ ಪಿಪಿಎಫ್‌ನಿಂದ ಮನೆ ನಡೆಸುವ ಅವಕಾಶವಿದ್ದರೆ ಆ ಕುಸಿತ ಕಾಗದದ ಮೇಲಿನ ಕುಸಿತವಾಗಿಯೇ ಉಳಿಯುತ್ತದೆ. ಈ ಖಾತೆಯನ್ನು ನಾನು ನೋಡುವುದು ಹಾಗೆ: ಬರಗಾಲಕ್ಕೆಂದು ಹಗೇವಿನಲ್ಲಿ ಮುಚ್ಚಿಟ್ಟ ಜೋಳದ ಹಾಗೆ.

ಈ ಖಾತೆ ಸ್ಥಿರ ಎಂಬ ಮಾತಿಗೂ ಒಂದು ಮಿತಿಯಿದೆ. ಅಸಲು ಹಣಕ್ಕೆ ಸರ್ಕಾರದ ಖಾತರಿ ಇದೆಯೇ ಹೊರತು ಬಡ್ಡಿ ದರಕ್ಕಿಲ್ಲ. 2000ದ ಆರಂಭದವರೆಗೆ ಶೇ. 12ರಷ್ಟು ಕೊಡುತ್ತಿದ್ದ ಖಾತೆ ಇದು. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಷೇರುಪೇಟೆ ಕುಸಿದಾಗ ನನ್ನ ಪಿಪಿಎಫ್‌ನ ಒಂದು ರೂಪಾಯಿಯೂ ಕರಗಲಿಲ್ಲವಾದರೂ, ಏಪ್ರಿಲ್ 1ರಿಂದ ದರ ಶೇ. 7.9ರಿಂದ 7.1ಕ್ಕೆ ಇಳಿಯಿತು. ದರವನ್ನು ಮೂರು ತಿಂಗಳಿಗೊಮ್ಮೆ ಪರಿಷ್ಕರಿಸುವ ಪದ್ಧತಿ 2016ರಿಂದ ಇದೆ. ಹೊಸ ದರ ಹಳೆಯ ಮೊತ್ತಕ್ಕೂ ಅನ್ವಯಿಸುತ್ತದೆ.

ತೆರಿಗೆಯ ವಿಷಯ ಚಿಕ್ಕದು. ಹಳೆಯ ತೆರಿಗೆ ಪದ್ಧತಿಯಲ್ಲಿ ಕಟ್ಟಿದ ಹಣಕ್ಕೆ ವಿನಾಯಿತಿ ಇದೆ, ಹೊಸ ಪದ್ಧತಿಯಲ್ಲಿ ಇಲ್ಲ. ಬಡ್ಡಿ ಮತ್ತು ಪಕ್ವವಾದ ಮೊತ್ತ ಎರಡೂ ಪದ್ಧತಿಗಳಲ್ಲಿ ತೆರಿಗೆಮುಕ್ತ. ನ್ಯಾಯಾಲಯದ ಡಿಕ್ರಿಯ ಮೇಲೆ ಸಾಲಗಾರರು ಈ ಹಣವನ್ನು ಜಪ್ತಿ ಮಾಡಿಸಲಾಗದು ಎಂಬುದು ಸಣ್ಣ ವ್ಯಾಪಾರ ಮಾಡುವ ಕುಟುಂಬಗಳಿಗೆ ನಿಜಕ್ಕೂ ಬೆಲೆಬಾಳುವ ರಕ್ಷಣೆ. ವಿದೇಶಕ್ಕೆ ಹೋಗಿ ಅನಿವಾಸಿಯಾದ ಕನ್ನಡಿಗರು ಮಾತ್ರ ಒಂದು ಸಂಗತಿ ನೆನಪಿಡಬೇಕು: ಅವರು ಹೊಸ ಖಾತೆ ತೆರೆಯುವಂತಿಲ್ಲ, ಮೊದಲೇ ಇದ್ದ ಖಾತೆಯನ್ನು ಅವಧಿ ಮುಗಿಯುವವರೆಗೆ ನಡೆಸಬಹುದು, ಆಮೇಲೆ ವಿಸ್ತರಿಸುವಂತಿಲ್ಲ.

ಈ ವಿಸ್ತರಣೆಯ ನಿಯಮವೇ ಬೇಗ ನಿವೃತ್ತರಾಗುವವರಿಗೆ ಅತ್ಯಂತ ಮುಖ್ಯ, ಮತ್ತು ನನಗೆ ಕಹಿ ಅನುಭವವಾದದ್ದೂ ಅಲ್ಲಿಯೇ. ಹದಿನೈದು ವರ್ಷ ಮುಗಿದ ಮೇಲೆ ಖಾತೆ ಮುಚ್ಚಬಹುದು, ಕಂತು ಕಟ್ಟುತ್ತ ಐದೈದು ವರ್ಷ ಮುಂದುವರಿಸಬಹುದು, ಅಥವಾ ಏನೂ ಕಟ್ಟದೆ ಹಾಗೆಯೇ ಬಿಡಬಹುದು. ಏನೂ ಕಟ್ಟದೆ ಬಿಟ್ಟ ಖಾತೆಗೂ ಪೂರ್ತಿ ಬಡ್ಡಿ ಬರುತ್ತದೆ. ಆರ್ಥಿಕ ವರ್ಷಕ್ಕೊಮ್ಮೆ ಎಷ್ಟು ಬೇಕಾದರೂ ತೆಗೆಯಬಹುದು. ವರ್ಷದ ಖರ್ಚನ್ನು ಏಪ್ರಿಲ್‌ನಲ್ಲಿ ತೆಗೆದು ಉಳಿದದ್ದಕ್ಕೆ ತೆರಿಗೆಯಿಲ್ಲದ ಬಡ್ಡಿ ಪಡೆಯುವ ಇಂಥ ಅನುಕೂಲವನ್ನು ನಾನು ಬೇರೆ ಯಾವ ಸುರಕ್ಷಿತ ಯೋಜನೆಯಲ್ಲೂ ಕಂಡಿಲ್ಲ. ಕಂತು ಕಟ್ಟುತ್ತ ಮುಂದುವರಿಸುವವರಾದರೆ ಪಕ್ವವಾದ ದಿನದಿಂದ ಒಂದು ವರ್ಷದೊಳಗೆ ಫಾರ್ಮ್ 4 ಕೊಡಲೇಬೇಕು. ಅದನ್ನು ಕೊಡದೆ ಕಟ್ಟಿದ ಹಣಕ್ಕೆ ಬಡ್ಡಿ ಇಲ್ಲ, ಮತ್ತು ವರ್ಷ ದಾಟಿದರೆ ಕಂತು ಕಟ್ಟುವ ಅವಕಾಶವೇ ಹೋಗುತ್ತದೆ.

2024ರ ಏಪ್ರಿಲ್ ಮೊದಲ ವಾರ ಫಾರ್ಮ್ ತುಂಬಿಸಿಕೊಂಡು ಹೋದಾಗ, ಖಾತೆಯಿದ್ದ ಶಾಖೆಯಲ್ಲಿ ಕುಳಿತಿದ್ದ ಯುವ ಅಧಿಕಾರಿ ಅದನ್ನು ಓದಲೇ ಇಲ್ಲ. "ಅವಧಿ ಮುಗಿದಿದೆ ಸರ್, ಮುಚ್ಚಲೇಬೇಕು" ಎಂದು ಹೇಳಿ, ಆ ಹಣವನ್ನೆಲ್ಲ ಹತ್ತು ವರ್ಷ ಪ್ರೀಮಿಯಂ ಕಟ್ಟುವ ಒಂದು ವಿಮಾ ಪಾಲಿಸಿಗೆ ಹಾಕಿಸಲು ಬಣ್ಣದ ಹಾಳೆಯೊಂದನ್ನು ನನ್ನ ಮುಂದಿಟ್ಟರು. ನಿಯಮದ ಪ್ರತಿಯನ್ನು ಮುದ್ರಿಸಿಕೊಂಡು ಮರುದಿನ ಮತ್ತೆ ಹೋದೆ. ಎರಡು ಬಾರಿ ತಿರುಗಿದ ಮೇಲೆ ವ್ಯವಸ್ಥಾಪಕರು ಫಾರ್ಮ್ ಸ್ವೀಕರಿಸಿ, ನನ್ನ ಪ್ರತಿಯ ಮೇಲೆ ದಿನಾಂಕದ ಮೊಹರು ಒತ್ತಿಕೊಟ್ಟರು. ಹದಿನೈದು ವರ್ಷ ಬಾಯಿ ಕಟ್ಟಿ ಉಳಿಸಿದ ಹಣ ಐದು ನಿಮಿಷದ ಮಾತಿನಲ್ಲಿ ಬೇರೆ ಕಡೆ ಹೋಗಿಬಿಡಬಹುದಾಗಿದ್ದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ. ಖಾತೆ ಪಕ್ವವಾಗುವ ಹಿರಿಯರು ಯಾರಾದರೂ ಮನೆಯಲ್ಲಿದ್ದರೆ ದಯವಿಟ್ಟು ಅವರ ಜೊತೆ ಹೋಗಿ, ಮೊಹರು ಬಿದ್ದ ಪ್ರತಿ ಇಲ್ಲದೆ ಹಿಂದಿರುಗಬೇಡಿ.

ಅಳಿಯನಿಗೆ ನಾನು ಕೊಟ್ಟ ಸಲಹೆ ಹೀಗಿತ್ತು. ಆರು ತಿಂಗಳ ಖರ್ಚು ಉಳಿತಾಯ ಖಾತೆಯಲ್ಲೋ ಎಫ್‌ಡಿಯಲ್ಲೋ ಇರಲಿ. ಕಂಪನಿಯ ವಿಮೆ ಕೆಲಸ ಬಿಟ್ಟ ದಿನವೇ ಮುಗಿಯುವುದರಿಂದ ತನ್ನದೇ ಆರೋಗ್ಯ ವಿಮೆ ಇರಲಿ. ಆಮೇಲೆ ಉಳಿಯುವುದರಲ್ಲಿ ಮೂರನೆಯ ಒಂದು ಭಾಗ ಪಿಪಿಎಫ್‌ಗೆ, ಎರಡು ಭಾಗ ಇಂಡೆಕ್ಸ್ ಫಂಡ್‌ಗೆ. ಗೆಳೆಯರ ಜೊತೆ ಹಾಕಿರುವ ಚೀಟಿಯನ್ನು ಬಿಡು ಎಂದು ನಾನು ಹೇಳಲಿಲ್ಲ, ಆದರೆ ಅದು ನಿವೃತ್ತಿಯ ಹಣವಲ್ಲ ಎಂದು ಮಾತ್ರ ಹೇಳಿದೆ. ಮರುವಾರವೇ ಅವನು ಸಾವಿರ ರೂಪಾಯಿ ಕಟ್ಟಿ ಖಾತೆ ತೆರೆದು, ಪಾಸ್‌ಬುಕ್ಕಿನ ಮೊದಲ ಪುಟದ ಚಿತ್ರ ಕಳಿಸಿದ. ನಾನು ಮೊದಲು ನೋಡಿದ್ದು ತಾರೀಖನ್ನು; ಅದು ನಾಲ್ಕು.

ನನ್ನ ಖಾತೆಯ ಈಗಿನ ಐದು ವರ್ಷದ ವಿಸ್ತರಣೆ 2029ರ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅಂದು ನಾನು ಫಾರ್ಮ್ 4 ಕೊಡುವುದಿಲ್ಲ. ಖಾತೆಯನ್ನು ಕಂತಿಲ್ಲದೆ ಹಾಗೆಯೇ ಬಿಟ್ಟು, ಆ ವರ್ಷದಿಂದ ಏಪ್ರಿಲ್‌ಗೊಮ್ಮೆ ಮನೆ ಖರ್ಚಿಗೆ ಬೇಕಾದಷ್ಟನ್ನು ತೆಗೆಯಲು ಆರಂಭಿಸುವೆನೆಂದು ನಾನೂ ನನ್ನ ಹೆಂಡತಿಯೂ ತೀರ್ಮಾನಿಸಿದ್ದೇವೆ.