ಅಪ್ಪ ಅಮ್ಮನ ಕಾಲು ಜೋಮಿಗೆ ವಯಸ್ಸು ಕಾರಣ ಅಂದರೆ ಸುಮ್ನೆ ಒಪ್ಪಬೇಡಿ

ಮನೆಯಲ್ಲಿ ವಯಸ್ಸಾದವರಿದ್ದರೆ, ಅದರಲ್ಲೂ ಶುಗರ್ ಇದ್ದರೆ, ಇದನ್ನು ಓದಿ.

ನಮ್ಮ ಅಮ್ಮ ಶುಗರ್‌ಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾ ಬಹಳ ವರ್ಷ ಆಯಿತು. ಗ್ಯಾಸ್ಟ್ರಿಕ್‌ಗೆ ದಿನಾ ಪ್ಯಾಂಟೊಪ್ರಜೋಲ್ ಬೇರೆ. ಪಾದ ಜೋಮು, ಸುಸ್ತು ಅಂತ ಕ್ಲಿನಿಕ್‌ಗೆ ಹೋದರೆ, "ವಯಸ್ಸಾಯ್ತಲ್ಲ ಅಮ್ಮ, ಇದೆಲ್ಲ ಇದ್ದದ್ದೇ" ಅಂದರು. ಹಿಮೋಗ್ಲೋಬಿನ್ ಕಡಿಮೆ ಇತ್ತು. ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಮಾತ್ರೆ ಬರೆದುಕೊಟ್ಟರು. ರಕ್ತಕ್ಕೂ ನರಕ್ಕೂ ಬೇಕಾದ ವಿಟಮಿನ್ ಬಿ12 ಪರೀಕ್ಷೆಯ ಮಾತೇ ಇಲ್ಲ.

ಮಾತ್ರೆ ಕೆಲಸ ಮಾಡಿತು. ಎಡವಟ್ಟಾಗಿದ್ದೇ ಅಲ್ಲಿ. ಬಿ12 ಕೊರತೆಯಿಂದ ಬಂದ ರಕ್ತಹೀನತೆಯನ್ನು ಫೋಲಿಕ್ ಆಸಿಡ್ ಸರಿಮಾಡಿಬಿಡಬಲ್ಲದು. ನರಗಳ ಹಾನಿಯನ್ನು ಮಾತ್ರ ತಡೆಯುವುದಿಲ್ಲ. ರಿಪೋರ್ಟ್ ಚೆನ್ನಾಗಿ ಬಂತು, ಒಳಗೆ ಹಾನಿ ನಡೆದೇ ಇತ್ತು.

ಆಮೇಲೆ ಅಮ್ಮನ ಕಾಲಿನಿಂದ ಚಪ್ಪಲಿ ಕಳಚಿ ಹಿಂದೆ ಬಿದ್ದರೂ ಗೊತ್ತಾಗುತ್ತಿರಲಿಲ್ಲ. ಮುಖ ತೊಳೆಯಲು ಕಣ್ಣು ಮುಚ್ಚಿದ ಕೂಡಲೇ ವಾಲಿ, ನಲ್ಲಿ ಹಿಡಿದುಕೊಳ್ಳುತ್ತಿದ್ದರು. ಕಾಲು ಎಲ್ಲಿದೆ ಅಂತ ನರ ಹೇಳದಿದ್ದಾಗ ದೇಹ ಕಣ್ಣನ್ನೇ ನಂಬಿಕೊಂಡಿರುತ್ತದಂತೆ. ಇದನ್ನು ಹೇಳಿದ್ದು ಬೇರೆ ಡಾಕ್ಟರು. ಅವರು ಮೊದಲು ಕೇಳಿದ್ದೇ ಮಾತ್ರೆಗಳ ಪಟ್ಟಿ. ನಾಲಿಗೆ ನೋಡಿದರು, ಕೆಂಪಗೆ ನುಣ್ಣಗಾಗಿತ್ತು. ಬಿ12 ತೀರಾ ಕೆಳಗಿತ್ತು.

ಚೆನ್ನಾಗಿ ಊಟ ಮಾಡುತ್ತಾರಲ್ಲ ಅನ್ನಬೇಡಿ. ವಯಸ್ಸಾದಂತೆ ಅನೇಕರಿಗೆ ಹೊಟ್ಟೆಯ ಆಮ್ಲ ಕಡಿಮೆಯಾಗುತ್ತದೆ, ಆಹಾರದಲ್ಲಿರುವ ಬಿ12 ಸರಿಯಾಗಿ ಬಿಡುಗಡೆ ಆಗುವುದಿಲ್ಲ. ಮೆಟ್‌ಫಾರ್ಮಿನ್, ಗ್ಯಾಸ್ಟ್ರಿಕ್ ಮಾತ್ರೆ ಎರಡನ್ನೂ ವರ್ಷಗಟ್ಟಲೆ ತೆಗೆದುಕೊಂಡರೆ ದೇಹ ಹೀರಿಕೊಳ್ಳುವುದು ಇನ್ನೂ ಕಮ್ಮಿ. ಲಿವರ್‌ನಲ್ಲಿ ಕೆಲವು ವರ್ಷಕ್ಕಾಗುವಷ್ಟು ದಾಸ್ತಾನು ಇರುವುದರಿಂದ ಕೊರತೆ ತಡವಾಗಿ ಕಾಣಿಸುತ್ತದೆ. ಶುಗರ್‌ನಿಂದಲೂ ಕಾಲು ಜೋಮು ಬರುತ್ತದೆ, ಹಾಗಾಗಿ ತಪ್ಪನ್ನೆಲ್ಲ ಅದರ ಮೇಲೆ ಹೊರಿಸುವುದು ಸುಲಭ ಅಲ್ವಾ!

ಇಂಜೆಕ್ಷನ್ ಶುರುವಾದ ಮೇಲೆ ಸುಸ್ತು ಹೋಯಿತು. ಜೋಮು ಪೂರ್ತಿ ಹೋಗಿಲ್ಲ. ತಡವಾದಷ್ಟೂ ನರ ಚೇತರಿಸಿಕೊಳ್ಳುವುದು ಕಷ್ಟ.

ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿದ್ದರೆ ಬಿ12 ಪರೀಕ್ಷೆ ನೀವೇ ಬಾಯಿಬಿಟ್ಟು ಕೇಳಿ. ನರಕ್ಕೆ ಒಳ್ಳೆಯದು ಅಂತ ಅಂಗಡಿಯವರು ಕೊಡುವ ವಿಟಮಿನ್ ಮಾತ್ರೆ ನುಂಗುವ ಮೊದಲೇ ರಕ್ತ ಕೊಡಿ. ನುಂಗಿದ ಮೇಲೆ ಅಂಕಿ ಏರಿ ಕೊರತೆ ಮುಚ್ಚಿಹೋಗಬಹುದು. ಫಲಿತಾಂಶ ಅಂಚಿನಲ್ಲಿದ್ದು ಜೋಮು ಜಾಸ್ತಿ ಇದ್ದರೆ, ಕೊರತೆ ನಿಜವಾಗಿ ಇದೆಯಾ ಅಂತ ತಿಳಿಯಲು ಮಾಡುವ ಮೀಥೈಲ್‌ಮಲೋನಿಕ್ ಆಸಿಡ್ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ. ಇದನ್ನು ಓದಿ ಮೆಟ್‌ಫಾರ್ಮಿನ್ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಅಮ್ಮ ಈಗಲೂ ಅದನ್ನು ತೆಗೆದುಕೊಳ್ಳುತ್ತಿದ್ದಾರೆ, ಜೊತೆಗೆ ಬಿ12.