ಸ್ಪಿನ್ ಕಾಲಮ್ ಡಿಎನ್‌ಎ ಕಿಟ್: ಇ. ಕೋಲೈಗೆ ಸೊಗಸು, ಬ್ಯಾಸಿಲಸ್‌ಗೆ ಸಾಲದು
ಬ್ಯಾಕ್ಟೀರಿಯಾಗಳಿಂದ ಡಿಎನ್‌ಎ ಬೇರ್ಪಡಿಸುವ ಸಿಲಿಕಾ ಸ್ಪಿನ್ ಕಾಲಮ್ (ಸೆಂಟ್ರಿಫ್ಯೂಜಿನಲ್ಲಿ ತಿರುಗಿಸುವ, ಸಿಲಿಕಾ ಪದರವಿರುವ ಪುಟ್ಟ ಕೊಳವೆ) ಕಿಟ್ ಒಂದನ್ನು ಪದವಿ ವಿದ್ಯಾರ್ಥಿಗಳ ಪ್ರಯೋಗಾಲಯದಲ್ಲಿ ಬಳಸಿದ ಅನುಭವದಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಪೆಟ್ಟಿಗೆಯ ಮೇಲೆ ‘ಎಲ್ಲ ಬಗೆಯ ಬ್ಯಾಕ್ಟೀರಿಯಾಗಳಿಗೆ’ ಎಂದು ಮುದ್ರಿಸಿದ್ದಾರೆ. ಆ ಮಾತು ಅರ್ಧ ಮಾತ್ರ ನಿಜ.

ಇ. ಕೋಲೈ ಮಟ್ಟಿಗೆ ದೂರುವಂಥದ್ದೇನೂ ಇಲ್ಲ. ಕೋಶ ಒಡೆಯುವ ಲೈಸಿಸ್ ಬಫರ್ ಮತ್ತು ಪ್ರೋಟೀನ್ ಕತ್ತರಿಸುವ ಕಿಣ್ವ ಪ್ರೋಟಿನೇಸ್ ಕೆ ಸೇರಿಸಿ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ, ಹಾಲಿನಂತೆ ಮಸುಕಾಗಿದ್ದ ದ್ರವವು ನೋಡನೋಡುತ್ತಲೇ ತಿಳಿಯಾಗಿ, ಪಿಪೆಟ್ಟಿನ ತುದಿಗೆ ಎಳೆಯಾಗಿ ಅಂಟುವಷ್ಟು ಮಂದವಾಗುತ್ತದೆ. ಗ್ವಾನಿಡಿನ್ ಲವಣ ಮತ್ತು ಎಥನಾಲ್ ಇರುವಾಗ ಡಿಎನ್‌ಎ ಸಿಲಿಕಾಗೆ ಅಂಟಿಕೊಳ್ಳುತ್ತದೆ. ತೊಳೆದ ಮೇಲೆ, ಲವಣ ಕಡಿಮೆಯಿರುವ, ತುಸು ಕ್ಷಾರೀಯವಾದ ಬಫರ್ ಹಾಕಿದರೆ ಬಿಟ್ಟುಕೊಳ್ಳುತ್ತದೆ. 260 ಮತ್ತು 280 ನ್ಯಾನೋಮೀಟರಿನಲ್ಲಿ ಹೀರಿದ ಬೆಳಕಿನ ಅನುಪಾತ, ಅಂದರೆ 260/280, 1.8ರ ಆಸುಪಾಸಿನಲ್ಲಿ ಬಂದಿತು; ಡಿಎನ್‌ಎ ಶುದ್ಧವೆಂಬುದರ ಸೂಚನೆ ಇದು.

ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲಿ ಇದೇ ವಿಧಾನ ಸೋಲುತ್ತದೆ. ಬ್ಯಾಸಿಲಸ್‌ನಂಥ ಗ್ರಾಂ-ಪಾಸಿಟಿವ್ ಕೋಶಗಳ ಪೆಪ್ಟಿಡೋಗ್ಲೈಕಾನ್ ಭಿತ್ತಿ ಬಹಳ ದಪ್ಪವಾಗಿರುವುದರಿಂದ ಲೈಸಿಸ್ ಬಫರ್ ಒಂದೇ ಅದನ್ನು ಒಡೆಯಲಾರದು. ದ್ರವ ಮಸುಕಾಗಿಯೇ ಉಳಿಯಿತು, ಒಡೆಯದ ಕೋಶಗಳು ಕಾಲಮ್ಮಿನಲ್ಲಿ ಕಟ್ಟಿಕೊಂಡವು, ಡಿಎನ್‌ಎ ಓಡಿಸಿ ನೋಡುವ ಜೆಲ್ಲಿನಲ್ಲಿ ಪಟ್ಟಿ ಕಂಡೂ ಕಾಣದಂತಿತ್ತು. ಮೊದಲು ಆ ಭಿತ್ತಿಯನ್ನು ಕತ್ತರಿಸುವ ಕಿಣ್ವ ಲೈಸೋಜೈಮ್ ಬೆರೆಸಿ 37 ಡಿಗ್ರಿಯಲ್ಲಿ 30 ನಿಮಿಷ ಇಟ್ಟಾಗ ಫಲಿತಾಂಶವೇ ಬದಲಾಯಿತು. ಇಷ್ಟು ಮುಖ್ಯವಾದ ಹಂತವನ್ನು ಕೈಪಿಡಿಯ ಕೊನೆಯ ಪುಟದ ಅನುಬಂಧಕ್ಕೆ ತಳ್ಳಿ, ಲೈಸೋಜೈಮನ್ನು ಪೆಟ್ಟಿಗೆಯಲ್ಲಿ ಕೊಡದೇ ಇರುವುದು ಈ ಕಿಟ್ಟಿನ ದೊಡ್ಡ ಕೊರತೆ. ಸ್ಟ್ಯಾಫಿಲೋಕಾಕಸ್ ಬಳಸುವವರಿಗೆ ಲೈಸೋಜೈಮ್ ಕೂಡ ಸಾಲದು, ಲೈಸೋಸ್ಟಾಫಿನ್ ಎಂಬ ಇನ್ನೊಂದು ಕಿಣ್ವ ಬೇಕು. ಕೈಪಿಡಿಯಲ್ಲಿ ಅದರ ಸುದ್ದಿಯೇ ಇಲ್ಲ.

ಆರ್‌ಎನ್‌ಎಯನ್ನು ಒಡೆಯುವ ಆರ್‌ಎನ್‌ಏಸ್ ಕಿಣ್ವದ ಹಂತವನ್ನು ‘ಐಚ್ಛಿಕ’ ಎಂದಿರುವುದನ್ನೂ ನಾನು ಒಪ್ಪುವುದಿಲ್ಲ. ಆರ್‌ಎನ್‌ಎ ಕೂಡ 260 ನ್ಯಾನೋಮೀಟರಿನಲ್ಲೇ ಬೆಳಕನ್ನು ಹೀರುವುದರಿಂದ, ಈ ಹಂತವನ್ನು ಬಿಟ್ಟ ವಿದ್ಯಾರ್ಥಿಗೆ ಇಲ್ಲದ ಡಿಎನ್‌ಎ ಇದ್ದಂತೆ ಲೆಕ್ಕ ಸಿಗುತ್ತದೆ. 260/230 ಅನುಪಾತ ತೀರಾ ಕೆಳಗಿದ್ದರೆ ಗ್ವಾನಿಡಿನ್ ಉಳಿದಿರುವ ಸಾಧ್ಯತೆ ಹೆಚ್ಚು; ಇನ್ನೊಮ್ಮೆ ತೊಳೆದು, ಖಾಲಿ ಕಾಲಮ್ಮನ್ನು ಒಂದು ಸುತ್ತು ತಿರುಗಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಸುರಕ್ಷತೆಯ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಗ್ವಾನಿಡಿನ್ ಇರುವ ತ್ಯಾಜ್ಯಕ್ಕೆ ಬ್ಲೀಚ್ ಸುರಿದರೆ ವಿಷಾನಿಲ ಹುಟ್ಟುತ್ತದೆ. ಬ್ಯಾಕ್ಟೀರಿಯಾ ಇದ್ದ ದ್ರವಕ್ಕೆಲ್ಲ ಬ್ಲೀಚ್ ಹಾಕುವುದು ವಿದ್ಯಾರ್ಥಿಗಳಿಗೆ ರೂಢಿಯಾಗಿರುವಾಗ, ಈ ಎಚ್ಚರಿಕೆಯನ್ನು ಸಣ್ಣ ಅಕ್ಷರದಲ್ಲಿ ಮುದ್ರಿಸಿ ಕೈತೊಳೆದುಕೊಳ್ಳುವುದು ತಪ್ಪು.

ಪಿಸಿಆರ್‌ಗೆ (ಡಿಎನ್‌ಎ ತುಣುಕನ್ನು ಹಲವು ಪಟ್ಟು ನಕಲು ಮಾಡುವ ವಿಧಾನಕ್ಕೆ) ಬೇಕಾದ ಡಿಎನ್‌ಎ ಇದರಿಂದ ಧಾರಾಳವಾಗಿ ಸಿಗುತ್ತದೆ, ಹಳೆಯ ವಿಧಾನದ ಅಪಾಯಕಾರಿ ಫೀನಾಲಿನ ಗೊಡವೆಯೂ ಇಲ್ಲ. ಆದ್ದರಿಂದ ಬೋಧನೆಗೆ ಕೊಳ್ಳಬಹುದು. ಲೈಸೋಜೈಮನ್ನು ಜೊತೆಯಲ್ಲೇ ತರಿಸಿಕೊಳ್ಳಿ. ಅರ್ಧ ತರಗತಿಗೆ ಅದನ್ನು ಕೊಟ್ಟು, ಇನ್ನರ್ಧಕ್ಕೆ ಕೊಡದೆ, ಎರಡರ ಮಾದರಿಗಳನ್ನೂ ಒಂದೇ ಜೆಲ್ಲಿನಲ್ಲಿ ಅಕ್ಕಪಕ್ಕ ಓಡಿಸಿದರೆ, ಕೈಪಿಡಿ ಹೇಳದ ಕೋಶಭಿತ್ತಿಯ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಕಣ್ಣಾರೆ ಕಾಣುತ್ತಾರೆ.